ಕಲ್ಯಾಣದ ವಿಜ್ಞಾನೇಶ್ವರ: ಒಬ್ಬ ವ್ಯಾಖ್ಯಾನಕಾರನ ರಾಜನೀತಿ

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಶಿವಾಲಯದ ಹೊರಗೋಡೆಯಲ್ಲಿ ಶಾಸನವನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಆಕೆ ಬರೆದಿರುವುದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸ್ತುತಿ. ಅದೇ ಅರಸನ ಆಳ್ವಿಕೆಯಲ್ಲಿ (1076–1126) ಕಲ್ಯಾಣದಲ್ಲಿ ರಚಿತವಾದ ಮತ್ತೊಂದು ಬರಹವು ಅರಸನ ಕೀರ್ತಿಗಿಂತ ಹೆಚ್ಚು ಕಾಲ ಜನಜೀವನವನ್ನು ಆಳಿತು. ಅದು ವಿಜ್ಞಾನೇಶ್ವರನ ‘ಮಿತಾಕ್ಷರಾ’. ಇಂದು ಬಸವಕಲ್ಯಾಣವೆನಿಸಿಕೊಂಡಿರುವ ನಗರದ ಈ ಪಂಡಿತನನ್ನು ಕೇವಲ ಧರ್ಮಶಾಸ್ತ್ರಜ್ಞನೆಂದಲ್ಲದೆ, ಸಂಪ್ರದಾಯನಿಷ್ಠನಾದ ರಾಜನೀತಿಚಿಂತಕನೆಂದು ಪರಿಗಣಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆತನ ಜೀವನದ ಬಗ್ಗೆ ದೊರೆಯುವ ಸಂಗತಿಗಳು ಕೆಲವೇ. ತಂದೆ ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟ, ಗುರು ಉತ್ತಮ. ವಿಜ್ಞಾನೇಶ್ವರನು ಸಂನ್ಯಾಸಿಯಾಗಿದ್ದನು. ಗ್ರಂಥಾಂತ್ಯದಲ್ಲಿ ಕಲ್ಯಾಣ ನಗರವನ್ನೂ ವಿಕ್ರಮನೃಪನನ್ನೂ ತನ್ನನ್ನೂ ಒಟ್ಟಿಗೆ ಹೊಗಳಲಾಗಿದೆ. ಕಾಶ್ಮೀರದಿಂದ ಬಂದ ಬಿಲ್ಹಣನು ಇದೇ ಅರಸನ ಚರಿತೆಯನ್ನು ಕಾವ್ಯವಾಗಿ ಹಾಡಿದನು. ವಿಜ್ಞಾನೇಶ್ವರನು ಆರಿಸಿಕೊಂಡದ್ದು ಹೊಗಳಿಕೆಯ ಮಾರ್ಗವಲ್ಲ, ವ್ಯಾಖ್ಯಾನದ ಮಾರ್ಗ.

ಯಾಜ್ಞವಲ್ಕ್ಯ ಸ್ಮೃತಿಯು ಆಚಾರ, ವ್ಯವಹಾರ, ಪ್ರಾಯಶ್ಚಿತ್ತವೆಂಬ ಮೂರು ಅಧ್ಯಾಯಗಳ, ಸುಮಾರು ಸಾವಿರ ಶ್ಲೋಕಗಳ ಗ್ರಂಥ. ಅದಕ್ಕೆ ವಿಶ್ವರೂಪನು ಮೊದಲೇ ಟೀಕೆ ಬರೆದಿದ್ದನು. ವಿಜ್ಞಾನೇಶ್ವರನು ಹೊಸ ಶಾಸ್ತ್ರವನ್ನು ನಿರ್ಮಿಸಲಿಲ್ಲ. ಪರಸ್ಪರ ವಿರೋಧಿಸುವ ಸ್ಮೃತಿವಾಕ್ಯಗಳನ್ನು ಮೀಮಾಂಸಾ ನ್ಯಾಯಗಳಿಂದ ಹೊಂದಿಸಿ, ಹಳೆಯ ಮಾತಿಗೆ ಖಚಿತವಾದ ಅರ್ಥವನ್ನು ಕೊಟ್ಟನು. ಆದರೆ ಅರ್ಥವನ್ನು ನಿರ್ಣಯಿಸುವವನೇ ಅನೇಕ ವೇಳೆ ವಿಧಿಯನ್ನೂ ನಿರ್ಣಯಿಸುತ್ತಾನೆ ಎಂಬುದನ್ನು ಇಲ್ಲಿ ಮರೆಯಬಾರದು.

ಮೊದಲು ರಾಜಧರ್ಮವನ್ನು ನೋಡೋಣ. ವ್ಯವಹಾರಾಧ್ಯಾಯದ ಪ್ರಾರಂಭದಲ್ಲಿ ಬರುವ ‘ನೃಪ’ ಎಂಬ ಪದವನ್ನು ವಿವರಿಸುತ್ತ, ಈ ಧರ್ಮವು ಕ್ಷತ್ರಿಯನಿಗೆ ಮಾತ್ರವಲ್ಲ, ಪ್ರಜಾಪಾಲನೆಯ ಅಧಿಕಾರವುಳ್ಳ ಬೇರೆಯವರಿಗೂ ಸಲ್ಲುವುದೆಂದು ಆತನು ಹೇಳುತ್ತಾನೆ. ಅಧಿಕಾರವು ಇಲ್ಲಿ ಕುಲದಿಂದ ಕರ್ತವ್ಯದ ಕಡೆಗೆ ಸರಿದಿದೆ. ಅರಸನು ಅನ್ಯಾಯಕ್ಕೆ ತೊಡಗಿದಾಗ ಸಭೆಯ ಸದಸ್ಯರು ಅವನನ್ನು ತಡೆಯಬೇಕು. ಸುಮ್ಮನಿದ್ದರೆ ಅವರೂ ದೋಷಭಾಗಿಗಳು. ಅರಮನೆಯ ನೆರಳಿನಲ್ಲಿ ಬರೆದವನ ಮಾತು ಇದೆಂಬುದು ಗಮನಾರ್ಹ.

ಆತನ ಸ್ವಂತ ಬುದ್ಧಿಯು ಇನ್ನೂ ಸ್ಪಷ್ಟವಾಗಿ ಕಾಣುವುದು ದಾಯಭಾಗದ ಪ್ರಕರಣದಲ್ಲಿ. ಸ್ವತ್ತೆಂಬುದು ಶಾಸ್ತ್ರದಿಂದ ಮಾತ್ರ ಹುಟ್ಟುವುದಲ್ಲ, ಲೋಕವ್ಯವಹಾರದಿಂದಲೇ ಸಿದ್ಧವಾದದ್ದು ಎಂದು ಆತನು ವಾದಿಸಿದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಕ್ಕು ತಂದೆಯ ಮರಣದಿಂದ ಬರುವುದಲ್ಲ, ಜನ್ಮದಿಂದಲೇ ಬರುತ್ತದೆ. ಆದುದರಿಂದ ತಂದೆಯು ಪೂರ್ವಿಕರ ಭೂಮಿಯನ್ನು ಮನಬಂದಂತೆ ಪರಾಧೀನ ಮಾಡುವಂತಿಲ್ಲ. ಬಂಗಾಳದ ಜೀಮೂತವಾಹನನು ಇದಕ್ಕೆ ವಿರುದ್ಧವಾದ ಮತವನ್ನು ಸ್ಥಾಪಿಸಿದನು. ಸಪಿಂಡ ಸಂಬಂಧವನ್ನು ವಿಜ್ಞಾನೇಶ್ವರನು ಶ್ರಾದ್ಧದ ಪಿಂಡದಿಂದಲ್ಲದೆ ಶರೀರದ ಅಂಶಗಳ ಸಂಬಂಧದಿಂದ ನಿರೂಪಿಸಿದನು. ವಿಭಕ್ತನಾಗಿ ಪುತ್ರನಿಲ್ಲದೆ ಸತ್ತವನ ಆಸ್ತಿಯು ಅವನ ಪತ್ನಿಗೆ ಸಲ್ಲಬೇಕೆಂದನು. ‘ಸ್ತ್ರೀಧನ’ದೊಳಗೆ ದಾಯವಾಗಿ ಬಂದದ್ದನ್ನೂ ಕೊಂಡದ್ದನ್ನೂ ಸೇರಿಸಿದನು.

ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡುವ ವಿಚಾರದಲ್ಲಿ ಆತನ ಮಾರ್ಗವು ಪೂರ್ಣವಾಗಿ ವ್ಯಕ್ತವಾಗುತ್ತದೆ. ಅಂತಹ ವಿಷಮ ವಿಭಾಗವು ಶಾಸ್ತ್ರದಲ್ಲಿ ಉಂಟೆಂದು ಆತನು ಒಪ್ಪಿಕೊಳ್ಳುತ್ತಾನೆ. ಆದರೂ ಅದನ್ನು ಆಚರಿಸಬಾರದು, ಏಕೆಂದರೆ ಲೋಕವು ಅದನ್ನು ದ್ವೇಷಿಸುತ್ತದೆ. ಲೋಕವಿದ್ವಿಷ್ಟವಾದ ಧರ್ಮವನ್ನು ಬಿಡಬೇಕೆಂಬ ಆಧಾರವನ್ನೂ ಯಾಜ್ಞವಲ್ಕ್ಯನ ವಚನದಿಂದಲೇ ತೆಗೆದುಕೊಡುತ್ತಾನೆ. ಶಾಸ್ತ್ರವನ್ನು ತಳ್ಳಿಹಾಕದೆ, ಶಾಸ್ತ್ರದ ಬಾಯಿಂದಲೇ ಶಾಸ್ತ್ರವನ್ನು ತಿದ್ದಿಸಿದ ಕ್ರಮವಿದು.

ಇದರ ಮಿತಿಯನ್ನೂ ಹೇಳಬೇಕು. ವರ್ಣವ್ಯವಸ್ಥೆಯನ್ನು ಆತನು ಪ್ರಶ್ನಿಸಲಿಲ್ಲ. ವರ್ಣಾನುಸಾರವಾದ ದಂಡಭೇದಗಳು ಆತನ ಗ್ರಂಥದಲ್ಲಿ ಹಾಗೆಯೇ ಉಳಿದವು. ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಈ ಭೇದಗಳ ಬುಡಕ್ಕೇ ಕೈಹಾಕಿದರು. ವ್ಯಾಖ್ಯಾನದಿಂದ ತಿದ್ದಲಾಗದ ಅನ್ಯಾಯಗಳೂ ಉಂಟೆಂಬುದಕ್ಕೆ ಆ ನಗರದ ಇತಿಹಾಸವೇ ಸಾಕ್ಷಿ.

ಮಿತಾಕ್ಷರೆಯ ಮುಂದಿನ ಚರಿತ್ರೆ ದೀರ್ಘವಾದದ್ದು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ, ಬಂಗಾಳದ ಹೊರಗೆ ಭಾರತದ ಬಹುಭಾಗದ ನ್ಯಾಯಾಲಯಗಳಿಗೆ ಅದೇ ಪ್ರಮಾಣವಾಯಿತು. ಸ್ತ್ರೀಧನದ ವಿಶಾಲವಾದ ಅರ್ಥವನ್ನು ಮಾತ್ರ ಆ ನ್ಯಾಯಾಲಯಗಳು ಬಹುಮಟ್ಟಿಗೆ ಸಂಕುಚಿತಗೊಳಿಸಿದವು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಮಿತಾಕ್ಷರಾ ಅವಿಭಕ್ತ ಕುಟುಂಬದ ಹಕ್ಕನ್ನು ಉಳಿಸಿಕೊಂಡಿತಾದರೂ, ಅದು ಗಂಡುಮಕ್ಕಳ ಹಕ್ಕಾಗಿಯೇ ಇದ್ದಿತು. ಕರ್ನಾಟಕವು 1994ರಲ್ಲಿ, ಕೇಂದ್ರವು 2005ರಲ್ಲಿ ತಿದ್ದುಪಡಿ ತಂದು ಅದನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿದವು. 2005ರ ತಿದ್ದುಪಡಿಯನ್ನು ಅರ್ಥೈಸುತ್ತ, ಮಗಳ ಹಕ್ಕೂ ಜನ್ಮದಿಂದಲೇ ಬರುವುದೆಂದೂ ಆ ದಿನ ತಂದೆಯು ಬದುಕಿರಬೇಕಾಗಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ನಿರ್ಣಯಿಸಿತು.

ವಿಜ್ಞಾನೇಶ್ವರನು ಮಗಳಿಗೆ ಈ ಹಕ್ಕನ್ನು ಕೊಟ್ಟಿರಲಿಲ್ಲ. ಆದರೆ ಅದನ್ನು ಕೊಡಲು ಬಳಕೆಯಾದ ತತ್ತ್ವ ಆತನದೇ. ಸಂಪ್ರದಾಯವನ್ನು ಕಾಯಲು ಹೊರಟವನು ತನ್ನ ತರ್ಕವನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ, ಮುಂದಿನವರು ಅದರಿಂದಲೇ ಅವನು ಕಾಣದ ನ್ಯಾಯವನ್ನು ತಲುಪಬಲ್ಲರು. ಪಾಲುಪತ್ರಕ್ಕೆ ಸಹಿ ಹಾಕಲು ಇಂದು ಅಣ್ಣತಮ್ಮಂದಿರ ಪಕ್ಕದಲ್ಲಿ ಕುಳಿತುಕೊಳ್ಳುವ ಹೆಣ್ಣುಮಗಳು ಕಲ್ಯಾಣದ ಆ ಸಂನ್ಯಾಸಿಯ ಹೆಸರನ್ನು ಕೇಳಿರಲಾರಳು. ಆದರೂ ಆಕೆಯ ಹಕ್ಕಿನ ವಂಶಾವಳಿಯು ಅಲ್ಲಿಂದಲೇ ಪ್ರಾರಂಭವಾಗುತ್ತದೆಂದು ನಾವು ಭಾವಿಸುತ್ತೇವೆ.