ಗೇರಸೊಪ್ಪೆಯ ಚತುರ್ಮುಖವೂ ಫ್ರಾನ್ಸದ ದೇವಮಂದಿರಗಳೂ

ಪ್ಯಾರಿಸ್ ಪಟ್ಟಣದ ನೋತ್ರದಾಮ್ ಇಗರ್ಜಿಯು 2019ನೆಯ ಇಸವಿಯ ಏಪ್ರಿಲ್ 15ರಂದು ಬೆಂಕಿಗೆ ತುತ್ತಾದಾಗ ನಮ್ಮ ಕರಾವಳಿಯ ಸುಶಿಕ್ಷಿತರೂ ಮರುಗಿದರು. ಮರುಗತಕ್ಕದ್ದೇ. ಹನ್ನೆರಡನೆಯ ಶತಮಾನದಲ್ಲಿ ಆರಂಭವಾದ ಆ ಮಂದಿರವನ್ನು ಫ್ರೆಂಚರು ಆರು ವರ್ಷ ತುಂಬುವುದರೊಳಗೆ ಉದ್ಧರಿಸಿ, 2024ರ ಡಿಸೆಂಬರದಲ್ಲಿ ಬಾಗಿಲು ತೆರೆದರು. ಆದರೆ ಹೀಗೆ ಮರುಗಿದ ಮಹನೀಯರಲ್ಲಿ, ಕುಮಟೆಯ ಬಾಡದಿಂದ ಹೊರಟು ಒಂದೇ ದಿವಸದಲ್ಲಿ ನೋಡಿ ಬರಬಹುದಾದ ಗೇರಸೊಪ್ಪೆಯ ಚತುರ್ಮುಖ ಬಸದಿಯನ್ನು ಕಂಡವರೆಷ್ಟು ಮಂದಿ?

ಶರಾವತಿಯ ದಂಡೆಯ ಅಡವಿಯೊಳಗಿರುವ ಈ ಬಸದಿಗೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲುಗಳು. ನಡುವೆ ನಾಲ್ಕು ಕಡೆಗೂ ಮುಖಮಾಡಿದ ಜಿನಬಿಂಬ. ಇದರ ತಳವಿನ್ಯಾಸವು ಶಿಲುಬೆಯಂತಿರುವುದನ್ನು ಹಿಂದಿನ ಆಂಗ್ಲ ಅಧಿಕಾರಿಗಳೂ ಬರೆದಿಟ್ಟಿರುವರು. ಯುರೋಪದ ಮಧ್ಯಯುಗದ ದೊಡ್ಡ ಇಗರ್ಜಿಗಳ ವಿನ್ಯಾಸವೂ ಬಹುಮಟ್ಟಿಗೆ ಶಿಲುಬೆಯದೇ. ಇಷ್ಟರಿಂದ ಒಂದು ಇನ್ನೊಂದರ ಅನುಕರಣವೆಂದು ಯಾರೂ ಭ್ರಮಿಸಬಾರದು. ಅಲ್ಲಿಯದು ಕ್ರಿಸ್ತನು ಪ್ರಾಣಬಿಟ್ಟ ಮರದ ಸ್ಮರಣೆ. ಇಲ್ಲಿಯದು ಸಮವಸರಣದಲ್ಲಿ ಕುಳಿತ ತೀರ್ಥಂಕರನು ನಾಲ್ಕೂ ದಿಕ್ಕಿನ ಸಭೆಗೆ ಏಕಕಾಲದಲ್ಲಿ ಕಾಣುವನೆಂಬ ಜೈನರ ಭಾವನೆ. ಆಕಾರವೊಂದೇ, ಅರ್ಥ ಬೇರೆ.

ಹವೆಯ ಭೇದವು ಇನ್ನೂ ಸ್ವಾರಸ್ಯವಾದುದು. ಪ್ಯಾರಿಸ್ಸಿನ ಬಳಿಯ ಸಂತ ದೆನಿ ಮಠದ ಅಧಿಪತಿ ಸುಜೇ ಎಂಬವನು 1140ರಿಂದ 1144ರ ವರೆಗೆ ತನ್ನ ಮಂದಿರದ ಪೂರ್ವಭಾಗವನ್ನು ಹೊಸದಾಗಿ ಕಟ್ಟಿಸಿದಾಗ ಬಯಸಿದ್ದು ಬೆಳಕನ್ನು. ಆ ಕಾಲದ ಶಿಲ್ಪಿಗಳು ಮೊನಚು ಕಮಾನುಗಳನ್ನೂ, ಮುಂದೆ ಹೊರಗಿನಿಂದ ಊರುಕೊಡುವ ಕಲ್ಲಿನ ತೋಳುಗಳನ್ನೂ ಪ್ರಯೋಗಿಸಿ, ಗೋಡೆಯ ಭಾರವನ್ನು ಇಳಿಸಿ, ಅಲ್ಲಿ ಬಣ್ಣದ ಗಾಜು ಕೂಡ್ರಿಸಿದರು. ಮೋಡ ಕವಿದ ದೇಶಕ್ಕೆ ಅದು ಸಲ್ಲುವುದು. ನಮ್ಮ ಭಟ್ಕಳದಲ್ಲಿ ಬಿಸಿಲಿಗೇನು ಕೊರತೆ? ಕಾಟವೆಲ್ಲ ಮಳೆಯದು! ಆದುದರಿಂದಲೇ ಖೇತಪೈ ನಾರಾಯಣ ದೇವಸ್ಥಾನದವರು ಮನೆಯ ಮಾಡಿನಂತೆ ಇಳಿಜಾರಾದ ಕಲ್ಲುಚಪ್ಪಡಿಗಳನ್ನು ಹೊದಿಸಿ, ಸುತ್ತಲೂ ಮರದ ಪಟ್ಟಿಗಳಂತೆ ಕಡೆದ ಕಲ್ಲಿನ ಜಾಲಂದರಗಳನ್ನು ನಿಲ್ಲಿಸಿದರು. ಇರಸಲು ಒಳಗೆ ಬಾರದು, ಗಾಳಿ ನಿಲ್ಲದು. ನಮ್ಮ ಬಡಗಿಯ ವಿದ್ಯೆಯನ್ನು ಕಲ್ಲುಕುಟಿಗನು ಇಷ್ಟು ಅಂದವಾಗಿ ಕಲಿತದ್ದನ್ನು ನಾವು ಬೇರೆಡೆ ಕಂಡುದು ಅಪರೂಪ.

ಗೇರಸೊಪ್ಪೆಯ ವೈಭವಕ್ಕೆ ಮೂಲ ಮೆಣಸು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದರು. ಆ ವೈಭವವು ಬಹುಕಾಲ ಉಳಿಯಲಿಲ್ಲ. 1623ರಲ್ಲಿ ರೋಮಾಪುರಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆಯು ಇಕ್ಕೇರಿಗೆ ಹೊರಟ ಪೋರ್ತುಗೀಜ ರಾಯಭಾರಿಯೊಡನೆ ಹೊನ್ನಾವರದಿಂದ ದೋಣಿಯಲ್ಲಿ ಬಂದಾಗ ಕಂಡುದು ಹಾಳಾದ ನಗರಿಯನ್ನು, ಅದನ್ನು ನುಂಗಿದ ಕಾಡನ್ನು. ಮಹಾಮಂದಿರಗಳ ನಾಡಿನಿಂದ ಬಂದವನಿಗೆ ಇಲ್ಲಿ ಪಾಳು ಕಂಡಿತಲ್ಲ!

ನೋತ್ರದಾಮಿನ ಉದ್ಧಾರಕ್ಕೆ ಹಣ ಮಾತ್ರವೇ ಸಾಲಲಿಲ್ಲ. ಆಂಡ್ರೂ ಟ್ಯಾಲನ್ ಎಂಬ ಅಮೇರಿಕದ ವಿದ್ವಾಂಸನು ಬೆಂಕಿಗೆ ಎಷ್ಟೋ ವರ್ಷ ಮೊದಲೇ ಲೇಸರ್ ಯಂತ್ರದಿಂದ ಮಂದಿರದ ಮೂಲೆಮೂಲೆಯನ್ನು ಅಳೆದಿಟ್ಟಿದ್ದನು; 2018ರಲ್ಲಿ ಆತನು ತೀರಿಕೊಂಡ ಮೇಲೆ ಆ ಅಳತೆಯು ಕೆಲಸಕ್ಕೆ ಒದಗಿತು. ಗೇರಸೊಪ್ಪೆ, ಭಟ್ಕಳಗಳ ಗುಡಿಬಸದಿಗಳ ಅಂಥದೇ ಅಳತೆಯ ನಕ್ಷೆಗಳು, ಕನ್ನಡ ವಿವರಣೆಯೊಡನೆ, ಕುಮಟಾ, ಹೊನ್ನಾವರ, ಭಟ್ಕಳ ಈ ಮೂರೂ ತಾಲೂಕುಗಳ ವಾಚನಾಲಯಗಳಲ್ಲಿ ಯಾರು ಕೇಳಿದರೂ ದೊರೆಯುವಂತಾಗಬೇಕು. ಇದು ಅಧಿಕಾರಿಗಳಿಗೆ ನಮ್ಮ ಬೇಡಿಕೆ. ವಾಚಕರಲ್ಲಿ ಬೇಡುವುದು ಇನ್ನೂ ಅಲ್ಪ: ಬರುವ ಮಳೆಗಾಲಕ್ಕೆ ಮೊದಲು, ಮಕ್ಕಳನ್ನು ಕರೆದುಕೊಂಡು, ಒಮ್ಮೆ ಗೇರಸೊಪ್ಪೆಗೆ ಹೋಗಿಬನ್ನಿರಿ.