ಈಸಾ, ಯೇಸು: ವ್ಯಕ್ತಿ ಒಬ್ಬರೇ, ನಂಬಿಕೆ ಯಾಕೆ ಎರಡು?

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದರೂ ಸರಿ, ಮನೇಲಿ ಪಾತ್ರೆ ತೊಳೀತಾ ಕೇಳ್ತಿದ್ದರೂ ಸರಿ, ಒಂದು ಹತ್ತು ನಿಮಿಷ ನನ್ನ ಜೊತೆ ಇರಿ.

ಇವತ್ತಿನ ಪ್ರಶ್ನೆ ಇದು. "ಮುಸ್ಲಿಮರೂ ಯೇಸುವನ್ನ ಒಪ್ತಾರಂತಲ್ಲ, ಹಾಗಾದ್ರೆ ಕ್ರೈಸ್ತರಿಗೂ ಅವರಿಗೂ ಭಿನ್ನಾಭಿಪ್ರಾಯ ಇರೋದು ಯಾವುದರಲ್ಲಿ?" ಇದಕ್ಕೆ ನಮಗೆ ಸಿಗೋ ಉತ್ತರ ಸಾಮಾನ್ಯವಾಗಿ ಎರಡು ಥರ. ಒಂದು, "ಎಲ್ಲಾ ಒಂದೇ ಬಿಡಿ" ಅನ್ನೋದು. ಇನ್ನೊಂದು, ಅರ್ಧ ನಿಮಿಷದ ರೀಲ್ಸ್‌ನಲ್ಲಿ ಒಬ್ಬರು ಇನ್ನೊಬ್ಬರ ಧರ್ಮವನ್ನ ಸೋಲಿಸಿಬಿಡೋದು. ಎರಡನ್ನೂ ಕೇಳಿದ ಮೇಲೂ, ಹಾಸ್ಟೆಲ್‌ನಲ್ಲಿ ಪಕ್ಕದ ಮಂಚದ ಗೆಳೆಯ ನಿಜವಾಗಿ ಏನು ನಂಬ್ತಾನೆ ಅಂತ ಗೊತ್ತಾಗಲ್ಲ. ಯಾರು ಸರಿ ಅಂತ ತೀರ್ಪು ಕೊಡೋಕೆ ನಾನು ಕೂತಿಲ್ಲ. ದಾರಿ ಎಲ್ಲಿ ಕವಲೊಡೆಯುತ್ತೆ ಅಂತ ತೋರಿಸ್ತೀನಿ, ಅಷ್ಟೇ.

ಮೊದಲು ಇಬ್ಬರೂ ಒಪ್ಪೋ ವಿಷಯ ನೋಡೋಣ. ಕುರ್‌ಆನ್‌ನಲ್ಲಿ ಯೇಸುವಿನ ಹೆಸರು ಈಸಾ. ತಾಯಿ ಮರ್ಯಮ್, ಅಂದ್ರೆ ಬೈಬಲ್‌ನ ಮರಿಯಳು. ಕುರ್‌ಆನ್‌ನ 19ನೇ ಅಧ್ಯಾಯಕ್ಕೆ ಅವರದೇ ಹೆಸರು. ಇಡೀ ಗ್ರಂಥದಲ್ಲಿ ಹೆಸರು ಹಿಡಿದು ಹೇಳಿರೋ ಹೆಣ್ಣು ಅವರೊಬ್ಬರೇ. ಈಸಾ ತಂದೆಯಿಲ್ಲದೆ ಹುಟ್ಟಿದ್ದು, ಕುರುಡರಿಗೆ ಕಣ್ಣು ಕೊಟ್ಟಿದ್ದು, ಸತ್ತವರನ್ನ ಎಬ್ಬಿಸಿದ್ದು ಎಲ್ಲವನ್ನೂ ಕುರ್‌ಆನ್ ಹೇಳುತ್ತೆ. ಮಸೀಹ್ ಅನ್ನೋ ಬಿರುದನ್ನೂ ಕೊಡುತ್ತೆ. ಲೋಕದ ಕೊನೆಗಾಲಕ್ಕೆ ಅವರು ಮತ್ತೆ ಬರ್ತಾರೆ ಅನ್ನೋದು ಬಹುಪಾಲು ಮುಸ್ಲಿಮರ ನಂಬಿಕೆ. ಹಾಗಾಗಿ ಯೇಸುವನ್ನ ಹೀಯಾಳಿಸೋದು ಮುಸ್ಲಿಮರಿಗೂ ಪಾಪವೇ.

ಆದರೆ ಪವಾಡಗಳ ವಿಷಯ ಬಂದಾಗಲೆಲ್ಲ ಕುರ್‌ಆನ್ ಒಂದು ಮಾತನ್ನ ತಪ್ಪದೆ ಸೇರಿಸುತ್ತೆ: ಅದು ಅಲ್ಲಾಹನ ಅನುಮತಿಯಿಂದ ನಡೆದದ್ದು ಅಂತ. ಶಕ್ತಿ ಈಸಾ ಅವರದ್ದಲ್ಲ, ಕಳಿಸಿದವನದ್ದು. ಕವಲು ಶುರುವಾಗೋದು ಇಲ್ಲೇ.

ಈಗ 'ಪ್ರವಾದಿ' ಅನ್ನೋ ಪದಕ್ಕೆ ಬರೋಣ. ಕನ್ನಡದಲ್ಲಿ ಒಂದು ತಮಾಷೆ ಇದೆ. ಕನ್ನಡ ಬೈಬಲ್‌ನಲ್ಲಿ ಯೆಶಾಯ ಪ್ರವಾದಿ, ಕನ್ನಡದ ಇಸ್ಲಾಮಿ ಪುಸ್ತಕಗಳಲ್ಲಿ ಪ್ರವಾದಿ ಮುಹಮ್ಮದ್. ಪದ ಒಂದೇ, ಅದು ಹೊತ್ತಿರೋ ಭಾರ ಬೇರೆ.

ಇಸ್ಲಾಮಿನಲ್ಲಿ ಪ್ರವಾದಿಗಳದ್ದು ಒಂದು ಸರಪಳಿ. ಆದಮ್, ನೂಹ್, ಇಬ್ರಾಹೀಮ್, ಮೂಸಾ, ದಾವೂದ್, ಈಸಾ, ಕೊನೆಗೆ ಮುಹಮ್ಮದ್. ಕುರ್‌ಆನ್ ಹೆಸರಿಸೋ ಪ್ರವಾದಿಗಳು 25 ಮಂದಿ ಅಂತ ಸಾಂಪ್ರದಾಯಿಕ ಲೆಕ್ಕ. ಹೆಸರು ಹೇಳದವರು ಇನ್ನೂ ಇದ್ದಾರೆ, ಪ್ರತಿಯೊಂದು ಜನಾಂಗಕ್ಕೂ ಒಬ್ಬರನ್ನ ಕಳಿಸಲಾಗಿತ್ತು ಅನ್ನುತ್ತೆ ಕುರ್‌ಆನ್. ಎಲ್ಲರ ಸಂದೇಶದ ತಿರುಳು ಒಂದೇ: ದೇವರೊಬ್ಬನೇ, ಅವನಿಗೆ ಶರಣಾಗಿ. ಮುಹಮ್ಮದ್ ಆ ಸಾಲಿನ ಮುದ್ರೆ, ಅವರ ನಂತರ ಹೊಸ ಪ್ರವಾದಿ ಇಲ್ಲ. ಪ್ರವಾದಿಗಳು ಜನರಿಗೆ ಮಾದರಿ ಆಗಿರಬೇಕಾದ್ದರಿಂದ ದೇವರು ಅವರನ್ನ ಪಾಪದಿಂದ ಕಾಪಾಡ್ತಾನೆ ಅಂತ ಮುಸ್ಲಿಂ ವಿದ್ವಾಂಸರು ಹೇಳ್ತಾರೆ.

ಬೈಬಲ್ ಇಲ್ಲಿ ಬೇರೆ ದಾರಿ ಹಿಡಿಯುತ್ತೆ. ದಾವೀದನ ಕಥೆ ನೋಡಿ. ಅವನು ರಾಜ, ದೇವರಿಗೆ ಪ್ರಿಯನಾದವನು. ಆದರೂ ತನ್ನದೇ ಸೈನಿಕ ಊರೀಯನ ಹೆಂಡತಿಯನ್ನ ಬಯಸಿ, ಅವನನ್ನ ಯುದ್ಧದಲ್ಲಿ ಸಾಯೋ ಜಾಗಕ್ಕೆ ಕಳಿಸ್ತಾನೆ. ಆಗ ನಾತಾನ ಅನ್ನೋ ಪ್ರವಾದಿ ಅರಮನೆಗೇ ಬಂದು ಅವನನ್ನ ತರಾಟೆಗೆ ತಗೊಳ್ತಾನೆ. ಇಸ್ಲಾಮಿನಲ್ಲಿ ದಾವೂದ್ ಸ್ವತಃ ಪ್ರವಾದಿ, ಝಬೂರ್ ಗ್ರಂಥ ಪಡೆದವರು. ಈ ಕಥೆಯನ್ನ ಮುಸ್ಲಿಮರು ಹೀಗೆ ಒಪ್ಪಲ್ಲ. ಕ್ರೈಸ್ತರ ಕಣ್ಣಲ್ಲಿ ಪ್ರವಾದಿಗಳು ಎಡವೋ ಮನುಷ್ಯರೇ. ಅವರ ಕೆಲಸ ಮುಂದೆ ಬರೋ ಒಬ್ಬನ ಕಡೆ ಕೈ ತೋರಿಸೋದು. ಹೀಗೆ ಹೇಳಬಹುದು: ಇಸ್ಲಾಮಿನ ದಾರಿಯಲ್ಲಿ ಈಸಾ ಒಂದು ದೊಡ್ಡ ಮೈಲಿಗಲ್ಲು. ಕ್ರೈಸ್ತರಿಗೆ ಮೈಲಿಗಲ್ಲುಗಳೆಲ್ಲ ತೋರಿಸ್ತಿದ್ದ ಊರೇ ಯೇಸು.

ಊರು ತಲುಪಿದ ಮೇಲೆ ಇನ್ನೊಬ್ಬ ಪ್ರವಾದಿ ಯಾಕೆ? ಮುಹಮ್ಮದರ ಬಗ್ಗೆ ಕ್ರೈಸ್ತರಿಗೆ ಇರೋ ಪ್ರಶ್ನೆ ಅದು. ಇದು ಮುಖಾಮುಖಿ ಎದ್ದ ಒಂದು ಪ್ರಸಂಗ ಇದೆ. ಸುಮಾರು 781ರಲ್ಲಿ ಬಾಗ್ದಾದ್‌ನಲ್ಲಿ ಖಲೀಫ ಅಲ್ ಮಹ್ದಿ, ಪೂರ್ವ ಸಿರಿಯಾಕ್ ಚರ್ಚಿನ ಮುಖ್ಯಸ್ಥ ಒಂದನೇ ತಿಮೊಥಿಯನ್ನ ಕರೆಸಿ ಮಾತಾಡ್ತಾನೆ. ಮುಹಮ್ಮದರ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ ಕೇಳ್ತಾನೆ. ತಿಮೊಥಿ ಕೊಟ್ಟ ಉತ್ತರದ ಸಾರ ಇಷ್ಟು: ಅವರು ಪ್ರವಾದಿಗಳ ದಾರಿಯಲ್ಲಿ ನಡೆದವರು, ಜನರನ್ನ ವಿಗ್ರಹಗಳಿಂದ ಒಬ್ಬನೇ ದೇವರ ಕಡೆ ತಿರುಗಿಸಿದವರು. ಗಮನಿಸಿ, ಪ್ರವಾದಿಗಳ ದಾರಿಯಲ್ಲಿ ನಡೆದವರು ಅಂದರು, ಪ್ರವಾದಿ ಅನ್ನಲಿಲ್ಲ. ಗೌರವ ಪೂರ್ತಿ ಇತ್ತು, ಒಪ್ಪಿಗೆ ಇರಲಿಲ್ಲ. ಸಿಂಹಾಸನದ ಎದುರು ನಿಂತು ಎರಡನ್ನೂ ಉಳಿಸಿಕೊಳ್ಳೋದು ಸಣ್ಣ ಮಾತಲ್ಲ.

ಸರಿ, ಈಗ ದೈವತ್ವದ ವಿಷಯ. ಇಸ್ಲಾಮಿನ ಅಡಿಗಲ್ಲು ತೌಹೀದ್, ಅಂದ್ರೆ ದೇವರ ಏಕತ್ವ. ಅವನಿಗೆ ಪಾಲುದಾರರಿಲ್ಲ, ಮಕ್ಕಳಿಲ್ಲ, ಸರಿಸಾಟಿ ಇಲ್ಲ. ಅವನ ಜೊತೆ ಇನ್ನೊಬ್ಬರನ್ನ ಸೇರಿಸೋದು ಶಿರ್ಕ್, ಅದಕ್ಕಿಂತ ದೊಡ್ಡ ಪಾಪ ಇಲ್ಲ. ಅದಕ್ಕೇ ಮುಸ್ಲಿಮರು ಮುಹಮ್ಮದರನ್ನೂ ಆರಾಧಿಸಲ್ಲ. ಅವರು ದೇವರ ದಾಸ ಮತ್ತು ಸಂದೇಶವಾಹಕ, ಅಷ್ಟೇ.

ಕ್ರೈಸ್ತರೂ ದೇವರೊಬ್ಬನೇ ಅಂತಾರೆ. ಆದರೆ ಆ ಒಬ್ಬ ದೇವರು ತಂದೆ, ಮಗ, ಪವಿತ್ರಾತ್ಮ ಅನ್ನೋ ಮೂರು ವ್ಯಕ್ತಿಗಳಾಗಿ ಇದ್ದಾನೆ ಅಂತಾರೆ. ಇದು ತ್ರಯೇಕತ್ವ. ಮೂರು ದೇವರು ಅನ್ನೋದನ್ನ ಚರ್ಚ್ ಕೂಡ ತಪ್ಪು ಅಂತಲೇ ಹೇಳುತ್ತೆ. 'ಮಗ' ಅಂದ್ರೆ ದೇವರು ಮದುವೆಯಾಗಿ ಮಗು ಹುಟ್ಟಿತು ಅಂತಲೂ ಅಲ್ಲ, ಅನಾದಿಯಿಂದ ಇರೋ ಸಂಬಂಧದ ಹೆಸರು ಅದು. ಇದು ಸುಲಭವಾಗಿ ತೀರ್ಮಾನ ಆದದ್ದೂ ಅಲ್ಲ. ಅಲೆಕ್ಸಾಂಡ್ರಿಯಾದ ಪಾದ್ರಿ ಆರಿಯಸ್, ಮಗನಿಗೂ ಒಂದು ಆರಂಭ ಇದೆ, ಅವನೂ ಸೃಷ್ಟಿಯಾದವನೇ ಅಂದಿದ್ದ. 325ರಲ್ಲಿ ಇಂದಿನ ಟರ್ಕಿಯ ನೈಸಿಯಾದಲ್ಲಿ ಬಿಷಪ್‌ಗಳು ಸೇರಿ ಅದನ್ನ ತಳ್ಳಿಹಾಕಿ, ಮಗನೂ ತಂದೆಯದ್ದೇ ಸಾರ ಅಂತ ಘೋಷಿಸಿದರು. ಇಂದಿಗೂ ಯೆಹೋವನ ಸಾಕ್ಷಿಗಳಂಥ ಕೆಲವು ಗುಂಪುಗಳು ತ್ರಯೇಕತ್ವವನ್ನ ಒಪ್ಪಲ್ಲ.

ನಮ್ಮ ಕಿವಿಗೆ ಒಂದು ಎಚ್ಚರಿಕೆ. ದೇವರು ಮನುಷ್ಯನಾದ ಅಂದ ಕೂಡಲೇ ನಮಗೆ ದಶಾವತಾರ ನೆನಪಾಗುತ್ತೆ. ಆದರೆ ಕ್ರೈಸ್ತ ನಂಬಿಕೆಯಲ್ಲಿ ಅದು ನಡೆದದ್ದು ಒಂದೇ ಸಲ. ಯೇಸು ಪೂರ್ಣ ದೇವರೂ ಹೌದು, ಹಸಿವು ನೋವು ಸಾವು ಎಲ್ಲ ಇರೋ ಪೂರ್ಣ ಮನುಷ್ಯನೂ ಹೌದು.

ಈಗ ನನಗೆ ಈ ವಿಷಯದ ಕೀಲಿ ಅನ್ನಿಸೋ ಮಾತು. ನಾವು ಸಾಮಾನ್ಯವಾಗಿ ಯೇಸುವನ್ನ ಮುಹಮ್ಮದರ ಜೊತೆ, ಬೈಬಲನ್ನ ಕುರ್‌ಆನ್ ಜೊತೆ ಹೋಲಿಸ್ತೀವಿ. ಈ ಹೋಲಿಕೆ ಸರಿಯಾಗಿ ಕೂರಲ್ಲ. ದೇವರ ಮಾತು ಲೋಕಕ್ಕೆ ಹೇಗೆ ಬಂತು ಅಂತ ಕೇಳಿ ನೋಡಿ. ಮುಸ್ಲಿಮರು ಹೇಳ್ತಾರೆ: ಗ್ರಂಥವಾಗಿ ಬಂತು, ಅದೇ ಕುರ್‌ಆನ್. ಕ್ರೈಸ್ತರು ಹೇಳ್ತಾರೆ: ಮನುಷ್ಯನಾಗಿ ಬಂತು, ಅವನೇ ಯೇಸು. ಅಂದ್ರೆ ಹೋಲಿಸಬೇಕಾದ್ದು ಯೇಸುವನ್ನ ಕುರ್‌ಆನ್ ಜೊತೆ.

ಇದಕ್ಕೆ ಇತಿಹಾಸದಲ್ಲೇ ಗುರುತಿದೆ. ನೈಸಿಯಾದಲ್ಲಿ ಕ್ರೈಸ್ತರು ಮಗ ಸೃಷ್ಟಿಯೋ ಅನಾದಿಯೋ ಅಂತ ವಾದಿಸಿದರು. 833ರಲ್ಲಿ ಖಲೀಫ ಅಲ್ ಮಾಮೂನ್, ಕುರ್‌ಆನ್ ಸೃಷ್ಟಿಯಾದದ್ದು ಅಂತ ಒಪ್ಪಿಕೊಳ್ಳಿ ಅಂತ ವಿದ್ವಾಂಸರಿಗೆ ತಾಕೀತು ಮಾಡಿದ. ಅಹ್ಮದ್ ಇಬ್ನ್ ಹಂಬಲ್ ಒಪ್ಪದೆ ಜೈಲು ಸೇರಿದರು, ಮುಂದಿನ ಖಲೀಫನ ಕಾಲದಲ್ಲಿ ಛಡಿಯೇಟೂ ತಿಂದರು. ಕೊನೆಗೆ ಸುನ್ನಿಗಳಲ್ಲಿ ನಿಂತದ್ದು ಅವರ ಮಾತೇ: ಕುರ್‌ಆನ್ ಸೃಷ್ಟಿಯಲ್ಲ, ಅನಾದಿ. ಎರಡು ಧರ್ಮ, ಹೆಚ್ಚುಕಡಿಮೆ ಒಂದೇ ಪ್ರಶ್ನೆ.

ಹಾಗಾದ್ರೆ ಒಬ್ಬರಿಗೆ ಗ್ರಂಥ ಸಾಕಾಯ್ತು, ಇನ್ನೊಬ್ಬರಿಗೆ ದೇವರೇ ಇಳಿದು ಬರಬೇಕಾಯ್ತು, ಯಾಕೆ? ಮನುಷ್ಯನಿಗೆ ಇರೋ ತೊಂದರೆ ಏನು ಅನ್ನೋದರಲ್ಲೇ ಇಬ್ಬರ ಉತ್ತರ ಬೇರೆ. ಇಸ್ಲಾಮಿನಲ್ಲಿ ಆದಮ್ ತಪ್ಪು ಮಾಡಿದ, ಪಶ್ಚಾತ್ತಾಪ ಪಟ್ಟ, ದೇವರು ಕ್ಷಮಿಸಿದ. ಮಕ್ಕಳಿಗೆ ಆ ಪಾಪ ಬರಲ್ಲ. ಮನುಷ್ಯ ಮರೀತಾನೆ, ದಾರಿ ತಪ್ಪುತ್ತಾನೆ. ಅವನಿಗೆ ಬೇಕಾದ್ದು ನೆನಪಿಸೋರು, ದಾರಿ ತೋರಿಸೋರು. ಕ್ರೈಸ್ತರ ಪ್ರಕಾರ ಮನುಷ್ಯ ಒಳಗಿಂದಲೇ ಮುರಿದಿದ್ದಾನೆ, ದಾರಿ ತೋರಿಸಿದರೂ ತಾನಾಗಿ ನಡೆಯೋ ಶಕ್ತಿ ಇಲ್ಲ. ಆದ್ದರಿಂದ ದೇವರೇ ಬಂದು ಅವನ ಭಾರ ಹೊತ್ತು ಶಿಲುಬೆ ಮೇಲೆ ಸತ್ತು ಮೂರನೇ ದಿನ ಎದ್ದ.

ಕುರ್‌ಆನ್‌ನ 4ನೇ ಅಧ್ಯಾಯ ಇದನ್ನ ನಿರಾಕರಿಸುತ್ತೆ. ಈಸಾ ಅವರನ್ನ ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಜನರಿಗೆ ಹಾಗೆ ಕಂಡಿತು ಅಷ್ಟೇ, ದೇವರು ಅವರನ್ನ ತನ್ನೆಡೆಗೆ ಎತ್ತಿಕೊಂಡ. ಮುಸ್ಲಿಮರಿಗೆ ಇದು ದೇವರು ತನ್ನ ಪ್ರವಾದಿಯ ಕೈಬಿಡಲ್ಲ ಅನ್ನೋ ಭರವಸೆ. ಕ್ರೈಸ್ತರಿಗೆ ಶಿಲುಬೆ ತೆಗೆದರೆ ಧರ್ಮವೇ ಉಳಿಯಲ್ಲ.

ಜೆರುಸಲೇಮಿನ ಹಳೇ ಪಟ್ಟಣದಲ್ಲಿ ಈ ಎರಡು ಮಾತೂ ಕಟ್ಟಡಗಳಾಗಿ ನಿಂತಿವೆ. ಯೇಸು ಸತ್ತು ಎದ್ದ ಜಾಗ ಅಂತ ಕ್ರೈಸ್ತರು ನಂಬೋ ಪವಿತ್ರ ಸಮಾಧಿಯ ಚರ್ಚ್ ಒಂದು ಕಡೆ. ನಡೆದು ಹೋಗುವಷ್ಟು ಹತ್ತಿರದಲ್ಲಿ, ಸುಮಾರು 691ರ ಬಂಗಾರದ ಗುಮ್ಮಟದ ಡೋಮ್ ಆಫ್ ದ ರಾಕ್. ಅದರ ಒಳಗಿನ ಅರಬ್ಬಿ ಬರಹ ಗ್ರಂಥದ ಜನರನ್ನ ಕರೆದು, ಈಸಾ ದೇವರ ಸಂದೇಶವಾಹಕ, ಮೂರು ಅನ್ನಬೇಡಿ ಅಂತ ತಿಳಿಹೇಳುತ್ತೆ. ಹದಿಮೂರು ಶತಮಾನಗಳಿಂದ ಇವು ಒಂದೇ ಊರಿನಲ್ಲಿವೆ.

ಅದಕ್ಕೇ ನಾನು "ಎಲ್ಲಾ ಒಂದೇ" ಅನ್ನಲ್ಲ. ಹಾಗಂದ್ರೆ ಇಬ್ಬರ ಜೀವಾಳವನ್ನೂ ನಾವು ಕಡೆಗಣಿಸಿದ ಹಾಗೆ. ಕ್ರೈಸ್ತ ಗೆಳತಿಗೆ "ನಿಮಗೆ ಮೂರು ದೇವರಲ್ವಾ" ಅನ್ನೋ ಬದಲು, ಶಿಲುಬೆ ನಿನಗೆ ಯಾಕೆ ಮುಖ್ಯ ಅಂತ ಕೇಳಿ. ಮುಸ್ಲಿಂ ಗೆಳೆಯನಿಗೆ "ನೀವು ಯೇಸುವನ್ನ ಒಪ್ಪಲ್ವಲ್ಲ" ಅನ್ನೋ ಬದಲು, ಈಸಾ ಅವರ ಕಥೆ ನಿಮ್ಮ ಮನೇಲಿ ಹೇಗೆ ಹೇಳ್ತಾರೆ ಅಂತ ಕೇಳಿ. ಉತ್ತರ ಒಪ್ಪಲೇಬೇಕು ಅಂತೇನಿಲ್ಲ, ಪೂರ್ತಿ ಕೇಳಿಸಿಕೊಂಡರೆ ಸಾಕು.