ಉಚಿತವೆಂದರೂ ಕರಾರು ಓದಿರಿ



ಮಳೆ, ಇಳುವರಿ, ಧಾರಣೆಗಳ ಲೆಕ್ಕವನ್ನು ಗಣಕಯಂತ್ರದಲ್ಲಿ ತಾಳೆ ನೋಡಲು ಪೈಥಾನ್ ಎಂಬ ಉಚಿತ ಭಾಷೆಯಿದೆ. ಅದರೊಡನೆ ನಮ್‌ಪೈ, ಪಾಂಡಾಸ್ ಮುಂತಾದ ಉಪಕರಣಗಳೂ ಬೇಕು. ಬೋರ್ಡೋ ದ್ರಾವಣದಲ್ಲಿ ಸುಣ್ಣ ಕಡಿಮೆಯಾದರೆ ಎಲೆ ಸುಡುವಂತೆ, ಇವುಗಳ ಆವೃತ್ತಿಗಳು ಪರಸ್ಪರ ಹೊಂದದಿದ್ದರೆ ಕೆಲಸ ಕೆಡುತ್ತದೆ. ಹೊಂದುವ ಆವೃತ್ತಿಗಳನ್ನೇ ಆರಿಸಿ ಒಟ್ಟಿಗೆ ಒದಗಿಸುವ ಕಟ್ಟಿಗೆ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಅಮೆರಿಕದ ಆಸ್ಟಿನ್ ನಗರದ ಕಂಪನಿಯೊಂದು 2012ರಲ್ಲಿ ಹೊರತಂದ 'ಅನಕೊಂಡಾ' ಇಂಥದು.

ಒಳಗಿನ ಉಪಕರಣಗಳು ಮುಕ್ತವಾದರೂ ಕಟ್ಟಿನ ಕರಾರು ಬೇರೆ. 200ಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳ ವಾಣಿಜ್ಯ ಬಳಕೆಗೆ 2020ರಿಂದ ಶುಲ್ಕವಿದೆ. ಸ್ವಯಂಸೇವಕರೇ ನಡೆಸುವ ಕೊಂಡಾ-ಫೋರ್ಜ್‌ನ 'ಮಿನಿಫೋರ್ಜ್'ಗೆ ಶುಲ್ಕವಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಲೆಕ್ಕ ನಡುವೆ ನಿಲ್ಲಬಾರದು. ಆದ್ದರಿಂದ ಕರಾರನ್ನು ಮೊದಲೇ ಓದಿಕೊಳ್ಳಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.